ಇಂಗ್ಲಿಷ್ ಓದಿದರೂ ಪದ ನೆನಪಿರಲ್ಲ ಅನ್ನುವವರಿಗೆ: ಆಸಕ್ತಿ, ಮಟ್ಟ ಎರಡನ್ನೂ ನೋಡಿ ಓದುವ ಕ್ರಮ

"ದಿನಾ ಇಂಗ್ಲಿಷ್ ಪೇಪರ್ ಓದುತ್ತೇನೆ. ಗೊತ್ತಿಲ್ಲದ ಪದ ಬರೆದಿಟ್ಟುಕೊಳ್ಳುತ್ತೇನೆ. ಒಂದು ವಾರ ಬಿಟ್ಟು ನೋಡಿದರೆ ಒಂದೂ ನೆನಪಿರಲ್ಲ. ಏನು ಮಾಡಲಿ?"

ನನಗೆ ತುಂಬಾ ಜನ ಕೇಳುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ಕನ್ನಡ ಮೀಡಿಯಂನಲ್ಲಿ ಓದಿ, ಈಗ ಡಿಗ್ರಿಗೋ ಕೆಲಸಕ್ಕೋ ಬಂದವರು. ಪೇಪರ್‌ನಲ್ಲಿ ಏನು ಓದುತ್ತೀರಿ ಅಂತ ನಾನು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: ಸಂಪಾದಕೀಯ. ಇಷ್ಟಾನಾ? ಇಲ್ಲ, ಮೇಷ್ಟ್ರು ಹೇಳಿದ್ದರು. ನಾನೂ ಪಿಯುಸಿಯಲ್ಲಿ ಹೀಗೇ ಒಂದು ನೋಟ್‌ಬುಕ್ ತುಂಬಿಸಿದ್ದೆ. ಅದರಲ್ಲಿದ್ದ ಪದಗಳು ಆ ನೋಟ್‌ಬುಕ್‌ನಲ್ಲೇ ಉಳಿದವು.

ಓದುತ್ತಾ ಓದುತ್ತಾ ತಾನಾಗಿ ಪದ ಸಿಗುವುದು ಎರಡು ವಿಷಯದ ಮೇಲೆ ನಿಂತಿದೆ. ಒಂದು, ಓದುವ ವಿಷಯದಲ್ಲಿ ನಿಮಗಿರುವ ಆಸಕ್ತಿ. ಇನ್ನೊಂದು, ಈಗಾಗಲೇ ನಿಮಗಿರುವ ಭಾಷೆಯ ಮಟ್ಟ. ಆಸಕ್ತಿ ಇದ್ದರೆ ನೀವು ಜಾಸ್ತಿ ಓದುತ್ತೀರಿ, ನಾಳೆಯೂ ಬಂದು ಕೂರುತ್ತೀರಿ. ಮಟ್ಟ ಇದ್ದರೆ ಓದಿದ್ದರಿಂದ ಒಂದಷ್ಟು ಪದ ಕೈಗೆ ಹತ್ತುತ್ತದೆ. ಆಸಕ್ತಿ ಎಷ್ಟೇ ಇರಲಿ, ಬರಹ ತೀರಾ ಕಷ್ಟವಾದರೆ ಹತ್ತು ದಿನದಲ್ಲಿ ಕೈಬಿಡುತ್ತೀರಿ. ಹಾಗಾಗಿ ವಿಷಯವನ್ನು ಆಸಕ್ತಿ ನೋಡಿ ಆರಿಸಿ, ಆಮೇಲೆ ಅದೇ ವಿಷಯದಲ್ಲಿ ನಿಮ್ಮ ಮಟ್ಟದ ಬರಹ ಹುಡುಕಿ. ಜನ ಮಾಡುವುದು ಉಲ್ಟಾ: ಮೊದಲು "ಒಳ್ಳೆಯ ಇಂಗ್ಲಿಷ್" ಆರಿಸುತ್ತಾರೆ, ಆಮೇಲೆ ಅದರಲ್ಲಿ ಆಸಕ್ತಿ ಹುಟ್ಟಲಿ ಅಂತ ಕಾಯುತ್ತಾರೆ.

ಬೇಕಾಗುವುದು: ಒಂದು ಪೆನ್ಸಿಲ್, ಒಂದು ಸಣ್ಣ ನೋಟ್‌ಬುಕ್, ಒಂದು ನಿಘಂಟು (ಮೊಬೈಲ್‌ನಲ್ಲಿರುವುದಾದರೂ ಆದೀತು, ಮನೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಇದ್ದರೆ ಇನ್ನೂ ಒಳ್ಳೆಯದು), ದಿನಕ್ಕೆ 25 ನಿಮಿಷ, ಮೂರು ತಿಂಗಳ ತಾಳ್ಮೆ.

ಹಂತ 1: ನಿಮ್ಮ ಮಟ್ಟ ಅಳೆಯಿರಿ

ಪರೀಕ್ಷೆ ಏನೂ ಬೇಡ. ನೀವು ಈಗ ಓದುತ್ತಿರುವ ಬರಹದಲ್ಲಿ 100 ಪದ ಎಣಿಸಿ, ಗೊತ್ತಿಲ್ಲದ ಪದದ ಕೆಳಗೆ ಗೆರೆ ಎಳೆಯಿರಿ. ಊರಿನ ಹೆಸರು, ಮನುಷ್ಯರ ಹೆಸರು ಬಿಡಿ. ಈಗ ಗೆರೆ ಎಣಿಸಿ.

ಎರಡು ಅಥವಾ ಕಡಿಮೆ: ಆರಾಮಾಗಿ ಓದಬಹುದು. ಪದ ತಾನಾಗಿ ಸಿಗುವುದು ಇಲ್ಲೇ.
ಮೂರರಿಂದ ಐದು: ನಿಘಂಟು ಪಕ್ಕದಲ್ಲಿದ್ದರೆ ಸರಿ. ವಿಷಯ ನಿಮಗೆ ಇಷ್ಟವಾಗಿದ್ದರೆ ಮಾತ್ರ.
ಆರರಿಂದ ಹತ್ತು: ಕಷ್ಟ. ವಿಷಯ ಚೆನ್ನಾಗಿ ಗೊತ್ತಿದ್ದರೆ ಎಳೆದುಕೊಂಡು ಹೋಗಬಹುದು.
ಹತ್ತಕ್ಕಿಂತ ಜಾಸ್ತಿ: ಸದ್ಯಕ್ಕೆ ಮುಚ್ಚಿಡಿ.

ಮೇಲಿನ ಮೊದಲ ಸಾಲಿನ "ಎರಡು" ಅನ್ನುವ ಸಂಖ್ಯೆಯನ್ನು ನಾನು ಸುಮ್ನೆ ಹೇಳಿದ್ದಲ್ಲ. ನ್ಯೂಜಿಲೆಂಡಿನ ಪಾಲ್ ನೇಷನ್ ಪದಕಲಿಕೆಯ ಬಗ್ಗೆ ದಶಕಗಳಿಂದ ಕೆಲಸ ಮಾಡಿದವರು. ಅವರು ಇನ್ನೊಬ್ಬರ ಜೊತೆ ಸೇರಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾರ ಸಹಾಯವೂ ಇಲ್ಲದೆ ಕಥೆ ಓದಿ ಅರ್ಥ ಮಾಡಿಕೊಳ್ಳಲು 100ರಲ್ಲಿ ಸುಮಾರು 98 ಪದ ಗೊತ್ತಿರಬೇಕು. ಇಂಗ್ಲಿಷ್ ಪೇಪರ್, ಕಾದಂಬರಿಗಳಲ್ಲಿ ಆ 98 ಮುಟ್ಟಬೇಕಾದರೆ ಎಂಟರಿಂದ ಒಂಬತ್ತು ಸಾವಿರ ಪದ ಕುಟುಂಬ ಬೇಕು ಅಂತ 2006ರಲ್ಲಿ ಅವರೇ ಲೆಕ್ಕ ಹಾಕಿದರು. ಪದ ಕುಟುಂಬ ಅಂದರೆ ಒಂದು ಮೂಲ ಪದ ಮತ್ತು ಅದರಿಂದ ಹುಟ್ಟಿದ ರೂಪಗಳು. ಹ್ಯಾಪಿ, ಹ್ಯಾಪಿನೆಸ್, ಅನ್‌ಹ್ಯಾಪಿ ಎಲ್ಲಾ ಸೇರಿ ಒಂದೇ ಕುಟುಂಬ.

ಈಗ ಸಂಪಾದಕೀಯದ ಲೆಕ್ಕ ನೋಡಿ. ತೀರಾ ಸಾಮಾನ್ಯವಾದ ಎರಡು ಸಾವಿರ ಕುಟುಂಬ ಗೊತ್ತಿದ್ದರೆ ಪೇಪರ್‌ನ ಸುಮಾರು ಶೇ 80ರಷ್ಟು ಪದ ಗೊತ್ತಾಗುತ್ತದೆ. ಕೇಳುವುದಕ್ಕೆ ಚೆನ್ನಾಗಿದೆ, ಅಲ್ವಾ? ಆದರೆ ಐದಕ್ಕೊಂದು ಪದ ಗೊತ್ತಿಲ್ಲ ಅಂತ ಅದರ ಅರ್ಥ. 600 ಪದದ ಸಂಪಾದಕೀಯದಲ್ಲಿ 120 ಗೆರೆ. ಸಾಲಿಗೆ ಎರಡು ಸಲ ಮುಗ್ಗರಿಸುತ್ತಾ ಓದುವವರಿಗೆ ಪದ ನೆನಪಿರಲ್ಲ ಅನ್ನುವುದರಲ್ಲಿ ಆಶ್ಚರ್ಯ ಏನಿದೆ?

ಎಚ್ಚರಿಕೆ: "ಗೊತ್ತು" ಅಂದುಕೊಂಡ ಪದಗಳ ಬಗ್ಗೆ ಹುಷಾರು. ನಮ್ಮ ಕನ್ನಡದಲ್ಲಿ ನೂರಾರು ಇಂಗ್ಲಿಷ್ ಪದ ಮನೆಮಾಡಿಕೊಂಡಿವೆ. ಅದು ನಮಗಿರುವ ದೊಡ್ಡ ಅನುಕೂಲ. ಆದರೆ ಕೆಲವು ಪದ ಇಲ್ಲಿಗೆ ಬಂದ ಮೇಲೆ ಅರ್ಥ ಬದಲಿಸಿಕೊಂಡಿವೆ. "ಅಜ್ಜಿ ಸೀರಿಯಸ್" ಅಂದರೆ ನಮಗೆ ಪ್ರಾಣಕ್ಕೆ ಅಪಾಯ. ಇಂಗ್ಲಿಷ್‌ನಲ್ಲಿ ಸೀರಿಯಸ್ ಮನುಷ್ಯ ಅಂದರೆ ಗಂಭೀರ ಸ್ವಭಾವದವನು. ಕ್ಲಾಸಿನಲ್ಲಿ "ಒಂದು ಡೌಟು" ಅಂದರೆ ಪ್ರಶ್ನೆ. ಅವರಿಗೆ ಡೌಟ್ ಅಂದರೆ ನಂಬಿಕೆ ಇಲ್ಲ ಅಂತ. "ಮೀಟರ್ ಇದ್ಯಾ?" ಅಂತ ಧೈರ್ಯ ಕೇಳುವವರು ನಾವು ಮಾತ್ರ. ವಾಕ್ಯಕ್ಕೆ ಅರ್ಥ ಕೂಡದಿದ್ದರೆ ಇಂಥ "ಗೊತ್ತಿರುವ" ಪದವನ್ನೂ ನಿಘಂಟಿನಲ್ಲಿ ನೋಡಿ.

ಗೆರೆ ಎಳೆದ ಈ ಪುಟವನ್ನು ದಿನಾಂಕ ಬರೆದು ಎತ್ತಿಡಿ. ಅಳಿಸಬೇಡಿ. ಆಮೇಲೆ ಬೇಕಾಗುತ್ತದೆ.

ಹಂತ 2: ನಿಜವಾದ ಆಸಕ್ತಿ ಯಾವುದು ನೋಡಿಕೊಳ್ಳಿ

ನಿಜವಾದ ಆಸಕ್ತಿ ಅಂತ ಬೇಕೆಂದೇ ಹೇಳಿದ್ದೇನೆ. ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಆಸಕ್ತಿಯೇ ಬೇರೆ. ಸುಲಭದ ಒರೆಗಲ್ಲು ಒಂದಿದೆ: ಇದೇ ಬರಹವನ್ನು ಕನ್ನಡದಲ್ಲಿ ಕೊಟ್ಟರೆ ನೀವು ಓದುತ್ತೀರಾ? ಕನ್ನಡದಲ್ಲೇ ಓದದ ಷೇರುಪೇಟೆ ಸುದ್ದಿಯನ್ನು ಇಂಗ್ಲಿಷ್‌ನಲ್ಲಿ ಓದಿ ಪದ ಕಲಿಯುತ್ತೇನೆ ಅನ್ನುವುದು ಆಗದ ಮಾತು. ಕ್ರಿಕೆಟ್, ಅಡುಗೆ, ಸಿನಿಮಾ ಗಾಸಿಪ್, ಬೈಕ್, ಅಡಿಕೆ ತೋಟ, ಮಗುವಿನ ಆರೈಕೆ, ಯಾವುದಾದರೂ ಸರಿ. ನಾಚಿಕೆ ಬೇಡ.

ಆಸಕ್ತಿ ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ವಾಕ್ಯ ಹಿಡಿದು ನೋಡೋಣ. ಕ್ರೀಡಾಪುಟದಲ್ಲಿ ಹೀಗೊಂದು ಸಾಲು ಇದೆ ಅಂದುಕೊಳ್ಳಿ: "ದಿ ಹೋಸ್ಟ್ಸ್ ಕೊಲ್ಯಾಪ್ಸ್ಡ್ ಫ್ರಮ್ 150 ಫಾರ್ 2 ಟು 178 ಆಲ್ ಔಟ್." ಕ್ರಿಕೆಟ್ ಹುಚ್ಚಿರುವವರಿಗೆ "ಹೋಸ್ಟ್ಸ್" ಗೊತ್ತಿಲ್ಲ, "ಕೊಲ್ಯಾಪ್ಸ್" ಗೊತ್ತಿಲ್ಲ ಅಂತ ಇಟ್ಟುಕೊಳ್ಳೋಣ. ಆದರೂ ಅವರ ತಲೆಯಲ್ಲಿ ಪಂದ್ಯ ಓಡುತ್ತದೆ. 28 ರನ್‌ಗೆ ಎಂಟು ವಿಕೆಟ್! ಅಂದರೆ ಕುಸಿದುಬಿದ್ದರು. ಕೊಲ್ಯಾಪ್ಸ್ ಅಂದರೆ ಕುಸಿಯುವುದು. ಪಂದ್ಯ ಎಲ್ಲಿ ನಡೆಯಿತು ಅಂತ ಗೊತ್ತಿದ್ದರೆ ಹೋಸ್ಟ್ಸ್ ಅಂದರೆ ಆತಿಥೇಯ ತಂಡ ಅಂತಲೂ ಹೊಳೆಯುತ್ತದೆ. ನಾಳೆ "ಬ್ರಿಡ್ಜ್ ಕೊಲ್ಯಾಪ್ಸ್" ಅಂತ ಮುಖಪುಟದಲ್ಲಿ ಬಂದರೆ ನಿಘಂಟು ಬೇಕಾಗುವುದಿಲ್ಲ.

ಕ್ರಿಕೆಟ್ ಗೊತ್ತಿಲ್ಲದವರಿಗೆ ಅದೇ ಸಾಲು ಬರೀ ಅಂಕಿ. ಅವರ ಇಂಗ್ಲಿಷ್ ನಿಮಗಿಂತ ಚೆನ್ನಾಗಿದ್ದರೂ ಈ ಒಂದು ಪದವನ್ನು ನೀವು ಮೊದಲು ಹಿಡಿಯಬಹುದು. ಆಸಕ್ತಿ ಅಂದರೆ ಬರೀ ಹುಮ್ಮಸ್ಸಲ್ಲ, ಅದರ ಜೊತೆ ವಿಷಯದ ತಿಳಿವಳಿಕೆಯೂ ಬರುತ್ತದೆ. ಗೊತ್ತಿಲ್ಲದ ಪದದ ಸುತ್ತ ಬೆಳಕು ಬೀಳುವುದು ಆ ತಿಳಿವಳಿಕೆಯಿಂದ.

ಅಡುಗೆಯವರಿಗೂ ಹೀಗೇ. "ಸಿಮ್‌ನಲ್ಲಿಡು" ಅಂತ ದಿನಾ ಹೇಳುತ್ತೇವೆ. ಇಂಗ್ಲಿಷ್ ರೆಸಿಪಿಯಲ್ಲಿ "ಸಿಮ್ಮರ್" ನೋಡಿದ ಕೂಡಲೇ ಅದು ಇದೇ ಅಂತ ಗೊತ್ತಾಗುತ್ತದೆ: ಸಣ್ಣ ಉರಿಯಲ್ಲಿ ಕುದಿಸುವುದು. "ಟೆಂಪರಿಂಗ್" ಅಂದರೆ ಒಗ್ಗರಣೆ. "ಟೆಂಪರ್" ಅಂದರೆ ಸಿಟ್ಟು. ಎರಡರಲ್ಲೂ ಚಟಪಟ ಇದೆ, ಒಂದು ಸಲ ನೋಡಿದರೆ ಮರೆಯಲ್ಲ.

ಆರಿಸಿದ ಮೇಲೆ ಒಂದು ತಿಂಗಳು ಅದೇ ವಿಷಯಕ್ಕೆ ಅಂಟಿಕೊಳ್ಳಿ. ಇದಕ್ಕೆ ಕಿರಿದಾದ ಓದು ಅನ್ನುತ್ತಾರೆ. ಒಂದೇ ವಿಷಯ, ಸಾಧ್ಯವಾದರೆ ಒಬ್ಬರೇ ಲೇಖಕರು. ಒಂದೇ ವಿಷಯದಲ್ಲಿ ಅವವೇ ಪದ ತಿರುಗಿ ತಿರುಗಿ ಬರುತ್ತವೆ. ಇವತ್ತು ಕ್ರಿಕೆಟ್, ನಾಳೆ ಬಾಹ್ಯಾಕಾಶ, ನಾಡಿದ್ದು ರಾಜಕೀಯ ಅಂತ ಹಾರಾಡಿದರೆ ಯಾವ ಪದವೂ ಎರಡನೇ ಸಲ ಸಿಗಲ್ಲ.

ಹಂತ 3: ಅದೇ ವಿಷಯ, ಇಳಿಸಿದ ಮಟ್ಟ

ಜನ ಸೋಲುವುದು ಹೆಚ್ಚಾಗಿ ಇಲ್ಲೇ, ಯಾಕೆಂದರೆ ಮಾನ ಅಡ್ಡ ಬರುತ್ತದೆ. "ಡಿಗ್ರಿ ಆದವನು ಮಕ್ಕಳ ಪುಸ್ತಕ ಓದೋದಾ?" ಓದಿ. ಬಸ್ಸಿನಲ್ಲಿ ಮುಜುಗರ ಆದರೆ ಮೊಬೈಲ್‌ನಲ್ಲಿ ಓದಿ, ಯಾರಿಗೂ ಕಾಣಲ್ಲ.

1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಡೆದಿದ್ದು ಒಮಾನ್‌ನಲ್ಲಿ. 34 ವಿದ್ಯಾರ್ಥಿಗಳು ಸರಳಗೊಳಿಸಿದ ಒಂದು ಇಂಗ್ಲಿಷ್ ಕಾದಂಬರಿಯನ್ನು ಪೂರ್ತಿ ಓದಿದರು. ಅಷ್ಟು ಓದಿದ್ದಕ್ಕೆ ಪರೀಕ್ಷಿಸಿದ ಪದಗಳಲ್ಲಿ ಸರಾಸರಿ ಐದು ಹೊಸ ಪದ ಸಿಕ್ಕವು. ಮೊದಲೇ ಜಾಸ್ತಿ ಪದ ಗೊತ್ತಿದ್ದವರಿಗೆ ಜಾಸ್ತಿ ಪದ ಸಿಕ್ಕವು. ಇದ್ದವರಿಗೇ ಇನ್ನಷ್ಟು ಸೇರುವ ಲೆಕ್ಕ, ದುಡ್ಡಿನ ಹಾಗೇ. ಅನ್ಯಾಯ ಅನ್ನಿಸಬಹುದು. ಆದರೆ ಮಟ್ಟ ಇಳಿಸಿದರೆ ನೀವೂ "ಇದ್ದವರ" ಸಾಲಿಗೆ ಬರುತ್ತೀರಿ. ಸುಲಭದ ಪುಸ್ತಕದ ಮುಂದೆ ನಿಮ್ಮ ಎರಡು ಸಾವಿರ ಪದವೇ ದೊಡ್ಡ ಬಂಡವಾಳ.

ಮಟ್ಟ ಇಳಿಸುವ ದಾರಿಗಳು ಇವು.

ಮೊದಲು ಕನ್ನಡ, ಆಮೇಲೆ ಇಂಗ್ಲಿಷ್. ನಿನ್ನೆಯ ಪಂದ್ಯದ ವರದಿಯನ್ನು ಕನ್ನಡ ಪೇಪರ್‌ನಲ್ಲಿ ಓದಿ, ಕೂಡಲೇ ಅದೇ ಪಂದ್ಯದ ಇಂಗ್ಲಿಷ್ ವರದಿ ಓದಿ. ಏನಾಯಿತು ಅಂತ ಗೊತ್ತಿರುವುದರಿಂದ ತಲೆ ಪೂರ್ತಿ ಪದಗಳ ಕಡೆ ಹೋಗುತ್ತದೆ. ನನಗೆ ಗೊತ್ತಿರುವ ಉಪಾಯಗಳಲ್ಲಿ ಇದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ.

ಗ್ರೇಡೆಡ್ ರೀಡರ್. ಅಂದರೆ ಇಷ್ಟೇ ಪದ ಬಳಸಬೇಕು ಅಂತ ಮಿತಿ ಹಾಕಿಕೊಂಡು ಬರೆದ ಕಥೆಪುಸ್ತಕ. ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಮಾಲೆಯಲ್ಲಿ ಮೊದಲ ಹಂತಕ್ಕೆ 400 ಮೂಲ ಪದ, ಎರಡಕ್ಕೆ 700, ಮೂರಕ್ಕೆ 1000, ನಾಲ್ಕಕ್ಕೆ 1400, ಐದಕ್ಕೆ 1800, ಆರಕ್ಕೆ 2500. ಪತ್ತೇದಾರಿ, ಭೂತ, ಪ್ರೇಮ ಎಲ್ಲಾ ಇದೆ. ಈ ಬಗೆಯ ಪುಸ್ತಕ ನಮಗೆ ದೂರದ್ದೇನಲ್ಲ. ಇದಕ್ಕೆ ದಾರಿ ಹಾಕಿದವರಲ್ಲಿ ಒಬ್ಬರಾದ ಮೈಕೆಲ್ ವೆಸ್ಟ್ 1920ರ ದಶಕದಲ್ಲಿ ಕೆಲಸ ಮಾಡುತ್ತಿದ್ದುದು ಢಾಕಾದಲ್ಲಿ, ಬಂಗಾಳಿ ಮಕ್ಕಳಿಗಾಗಿ.

ಸ್ಟೋರಿವೀವರ್. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಉಚಿತ ಪುಸ್ತಕ ತಾಣ. ಕಥೆಗಳನ್ನು ಮಟ್ಟದ ಪ್ರಕಾರ ವಿಂಗಡಿಸಿದ್ದಾರೆ. ಎಷ್ಟೋ ಕಥೆ ಕನ್ನಡದಲ್ಲೂ ಇದೆ, ಇಂಗ್ಲಿಷ್‌ನಲ್ಲೂ ಇದೆ. ಮಕ್ಕಳಿಗೆ ಏನು ಓದಿಸಲಿ ಅಂತ ಕೇಳುವ ಅಪ್ಪ ಅಮ್ಮಂದಿರಿಗೆ ನನ್ನ ಉತ್ತರ ಇದೇ. ಆದರೆ ಪುಸ್ತಕವನ್ನು ಮಗುವೇ ಆರಿಸಲಿ. 1980ರಲ್ಲಿ ಫಿಜಿಯ ಹಳ್ಳಿ ಶಾಲೆಗಳಿಗೆ ಆಸಕ್ತಿ ಹುಟ್ಟಿಸುವ 250ರಷ್ಟು ಚಿತ್ರಗಳಿರುವ ಕಥೆಪುಸ್ತಕ ಕೊಟ್ಟು ನೋಡಿದಾಗ, ಓದುವ ಪರೀಕ್ಷೆಗಳಲ್ಲಿ ಆ ಮಕ್ಕಳು ಪಠ್ಯಪುಸ್ತಕದ ಪಾಠವನ್ನಷ್ಟೇ ಕಲಿತವರಿಗಿಂತ ಸುಮಾರು ಎರಡು ಪಟ್ಟು ವೇಗದಲ್ಲಿ ಮುಂದೆ ಹೋದರು.

ಸಿಂಪಲ್ ಇಂಗ್ಲಿಷ್ ವಿಕಿಪೀಡಿಯ. ಮಾಹಿತಿ ಇಷ್ಟಪಡುವವರಿಗೆ. ಕಥೆ ಬೇಕಾದವರಿಗೆ ಬೋರ್ ಆಗುತ್ತದೆ.

ಹಂತ 4: ಓದುವಾಗ ಹೀಗೆ ಮಾಡಿ

ಮೊದಲ ಸಲ ನಿಲ್ಲದೆ ಓದಿ. ಗೊತ್ತಿಲ್ಲದ ಪದಕ್ಕೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕಿ, ಅಷ್ಟೇ. ಮೊಬೈಲ್ ತೆಗೆದು ಪ್ರತಿ ಪದ ಹುಡುಕಿದರೆ ಕಥೆಯ ಎಳೆ ತಪ್ಪುತ್ತದೆ. ಜೊತೆಗೆ ಯಾರದ್ದೋ ಮೆಸೇಜ್ ಬಂದಿರುತ್ತದೆ, 25 ನಿಮಿಷ ಅಲ್ಲಿಗೇ ಮುಗಿಯಿತು.

ಎಲ್ಲಾ ಚುಕ್ಕಿಯನ್ನೂ ಹುಡುಕುವುದು ಬೇಡ. ಎರಡು ಬಗೆಯ ಪದ ಮಾತ್ರ ಹುಡುಕಿ: ಆ ಬರಹದಲ್ಲೇ ಎರಡನೇ ಸಲ ಬಂದದ್ದು, ಅಥವಾ ಅದಿಲ್ಲದೆ ವಾಕ್ಯ ಮುಂದೆ ಹೋಗದೇ ಇದ್ದದ್ದು. ಉಳಿದದ್ದು ಹೋಗಲಿ ಬಿಡಿ, ಬೇಕಾದ ಪದ ಮತ್ತೆ ಬಂದೇ ಬರುತ್ತದೆ.

ನಿಘಂಟು ತೆಗೆಯುವ ಮೊದಲು ಊಹಿಸಿ. ಊಹೆಯನ್ನು ಬಾಯಿಬಿಟ್ಟು ಹೇಳಿ ಅಥವಾ ಅಂಚಿನಲ್ಲಿ ಬರೆಯಿರಿ. ಆಮೇಲೆ ನಿಘಂಟು ನೋಡಿ, ಅಲ್ಲಿರುವ ನಾಲ್ಕಾರು ಅರ್ಥದಲ್ಲಿ ಈ ವಾಕ್ಯಕ್ಕೆ ಕೂರುವುದು ಯಾವುದು ಅಂತ ನೀವೇ ಆರಿಸಿ. 2001ರಲ್ಲಿ ಲಾಫರ್, ಹಲ್‌ಸ್ಟೈನ್ ಅನ್ನುವ ಇಬ್ಬರು ಸಂಶೋಧಕರು ಇದನ್ನೇ ಮೂರು ಭಾಗ ಮಾಡಿ ಹೇಳಿದ್ದಾರೆ: ಪದ ಬೇಕು ಅನ್ನಿಸಬೇಕು, ಅದನ್ನು ಹುಡುಕಬೇಕು, ಸಿಕ್ಕಿದ್ದನ್ನು ತೂಗಿ ನೋಡಬೇಕು. ಈ ಮೂರೂ ಎಷ್ಟು ಜಾಸ್ತಿಯೋ ಪದ ಉಳಿಯುವುದೂ ಅಷ್ಟು ಜಾಸ್ತಿ ಅನ್ನುವುದು ಅವರ ವಾದ. "ಬೇಕು ಅನ್ನಿಸಬೇಕು" ಅನ್ನುವ ಮೊದಲನೆಯದಕ್ಕೆ ಆಸಕ್ತಿಯೇ ಇಂಧನ. ಬೇಡದ ಪದ ಯಾರಿಗೆ ನೆನಪಿರುತ್ತದೆ ಹೇಳಿ.

ಎಚ್ಚರಿಕೆ: ಪರಿಶೀಲಿಸದ ಊಹೆ ಅಪಾಯ. ಆಸಕ್ತಿ ಇರುವವರಿಗೇ ಇದು ಜಾಸ್ತಿ, ಏಕೆಂದರೆ ಧೈರ್ಯವಾಗಿ ಊಹಿಸುತ್ತಾರೆ. ಕ್ರಿಕೆಟ್ ವರದಿಯಲ್ಲಿ "ಡಿಸ್‌ಮಿಸ್ಡ್" ನೋಡಿ ಔಟ್ ಅಂತ ಕಲಿತಿರಿ, ಸರಿ. ಕೋರ್ಟ್ ಸುದ್ದಿಯಲ್ಲಿ "ಪಿಟಿಷನ್ ಡಿಸ್‌ಮಿಸ್ಡ್" ಅಂದರೆ ಅರ್ಜಿ ವಜಾ. ಆಫೀಸಿನ ಸುದ್ದಿಯಲ್ಲಿ ಕೆಲಸದಿಂದ ತೆಗೆದರು ಅಂತ. ಮೂರರಲ್ಲೂ "ಇನ್ನು ನೀನು ಹೋಗು" ಅನ್ನುವ ಒಂದು ಎಳೆ ಇದೆ ನೋಡಿ. ಆ ಎಳೆ ಸಿಕ್ಕಿದರೆ ಮೂರು ಅರ್ಥವನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು.

ಹಂತ 5: ಪದ ಮತ್ತೆ ಮತ್ತೆ ಸಿಗುವಂತೆ ನೋಡಿಕೊಳ್ಳಿ

ಓದಿದ್ದರಿಂದ ಪದ ತಾನಾಗಿ ಬರುತ್ತದೆ ಅನ್ನುವುದು ನಿಜ. ಆದರೆ ಅದು ತಾನಾಗಿ ಹೋಗುತ್ತದೆ ಕೂಡ. 2003ರಲ್ಲಿ ಪ್ರಕಟವಾದ ಜಪಾನಿನ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿನಿಯರು ಒಂದು ಸುಲಭ ಕಥೆಪುಸ್ತಕ ಓದಿದರು. ಅದರಲ್ಲಿ 25 ಹೊಸ ಪದ ಸೇರಿಸಿದ್ದರು. ಓದಿ ಮುಗಿಸಿದ ಕೂಡಲೇ ಅರ್ಥ ಹೇಳಿ ಅಂದರೆ ಸರಾಸರಿ ನಾಲ್ಕೈದು ಪದಕ್ಕೆ ಹೇಳಿದರು. ಮೂರು ತಿಂಗಳು ಬಿಟ್ಟು ಕೇಳಿದಾಗ ಉಳಿದಿದ್ದು ಒಂದು. ಪುಸ್ತಕದಲ್ಲಿ ಜಾಸ್ತಿ ಸಲ ಬಂದ ಪದ ಉಳಿಯುವ ಸಾಧ್ಯತೆ ಜಾಸ್ತಿ ಇತ್ತು. ಒಂದೆರಡು ಸಲ ಕಂಡದ್ದು ಹೋದಂತೆಯೇ.

ಹಾಗಾಗಿ ವಾರ ಬಿಟ್ಟು ನೆನಪಿಲ್ಲ ಅಂತ ನಿಮ್ಮನ್ನು ಬೈದುಕೊಳ್ಳಬೇಡಿ. ಎಲ್ಲರಿಗೂ ಹಾಗೇ. ಮಾಡಬೇಕಾದ್ದು ಇಷ್ಟು.

ದಿನಕ್ಕೆ ಐದೇ ಪದ ಬರೆಯಿರಿ. ಆರನೆಯದು ಬೇಡ. ಒಂಟಿ ಪದ ಬರೆಯಬೇಡಿ, ಅದು ಬಂದ ವಾಕ್ಯ ಬರೆಯಿರಿ. ನೋಟ್‌ಬುಕ್‌ನ ಒಂದು ಸಾಲು ಹೀಗಿರಲಿ: ದಿನಾಂಕ, "ದಿ ಹೋಸ್ಟ್ಸ್ ಕೊಲ್ಯಾಪ್ಸ್ಡ್", ಕುಸಿದರು, ಪಕ್ಕದಲ್ಲಿ ಖಾಲಿ ಜಾಗ. ಇನ್ನೊಮ್ಮೆ ಎಲ್ಲಾದರೂ ಆ ಪದ ಸಿಕ್ಕರೆ ಖಾಲಿ ಜಾಗದಲ್ಲಿ ಒಂದು ಗೀಟು. ಎಂಟು ಗೀಟು ಆದ ಪದದ ಚಿಂತೆ ಬಿಡಿ. ತಿಂಗಳಾದರೂ ಒಂದೂ ಗೀಟು ಬೀಳದ ಪದವನ್ನು ಹೊಡೆದು ಹಾಕಿ, ಅದು ಸದ್ಯಕ್ಕೆ ನಿಮಗೆ ಬೇಡದ ಪದ.

ಬರೆದದ್ದನ್ನು ಮಾರನೇ ದಿನ ಒಮ್ಮೆ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ನೋಡಿ. ಕನ್ನಡ ಅರ್ಥದ ಮೇಲೆ ಕೈ ಮುಚ್ಚಿ ಹೇಳಿಕೊಳ್ಳಿ. ಇಷ್ಟವಾದ ಪುಸ್ತಕವನ್ನು ಎರಡನೇ ಸಲವೂ ಓದಿ. ಮಕ್ಕಳು ಒಂದೇ ಕಥೆಯನ್ನು ಹತ್ತು ಸಲ ಕೇಳುವುದು ಸುಮ್ನೆ ಅಲ್ಲ.

ಪರೀಕ್ಷೆ ಎರಡೇ ತಿಂಗಳಿದೆ ಅನ್ನುವವರಿಗೆ ಒಂದು ಮಾತು. ಓದಿನಿಂದ ಪದ ಕಲಿಯುವುದು ನಿಧಾನದ ದಾರಿ. ನಿಮಗೆ ಸದ್ಯಕ್ಕೆ ಪದಪಟ್ಟಿ ಹಿಡಿದು ಉರು ಹೊಡೆಯುವುದೇ ಸರಿ. ಇಂಗ್ಲಿಷ್‌ನ ಮೊದಲ ಎರಡು ಸಾವಿರ ಪದ ಗಟ್ಟಿ ಇಲ್ಲದವರಿಗೂ ಅಷ್ಟೇ, ಪಟ್ಟಿ ಮತ್ತು ಓದು ಎರಡೂ ಜೊತೆಗೆ ನಡೆಯಲಿ.

ಹಂತ 6: ಮಟ್ಟ ಏರಿಸುವುದು, ವಿಷಯ ಸರಿಸುವುದು

ಎರಡು ವಾರ ಸತತವಾಗಿ 100 ಪದಕ್ಕೆ ಒಂದೇ ಚುಕ್ಕಿ, ಕೆಲವು ಪುಟದಲ್ಲಿ ಅದೂ ಇಲ್ಲ ಅಂದರೆ ಮೇಲೆ ಹೋಗುವ ಹೊತ್ತು. ಗ್ರೇಡೆಡ್ ರೀಡರ್ ಆದರೆ ಮುಂದಿನ ಹಂತ. ಬೇರೆ ಬರಹ ಆದರೆ ವಿಷಯವನ್ನು ಪಕ್ಕದ ಮನೆಗೆ ಸರಿಸಿ. ಪಂದ್ಯದ ವರದಿಯಿಂದ ಆಟಗಾರರ ಸಂದರ್ಶನಕ್ಕೆ. ಅಲ್ಲಿಂದ ಐಪಿಎಲ್ ಹರಾಜಿನ ಸುದ್ದಿಗೆ, ಅಲ್ಲಿಂದ ಕ್ರೀಡಾ ವ್ಯಾಪಾರದ ಲೇಖನಕ್ಕೆ. ಷೇರುಪೇಟೆ ಪುಟಕ್ಕೆ ಹೀಗೆ ಬಂದರೆ ಅಲ್ಲಿ ಅರ್ಧ ಪದ ಪರಿಚಯದವೇ ಆಗಿರುತ್ತವೆ. ರೆಸಿಪಿ ಓದುವವರು ಆಹಾರದ ಇತಿಹಾಸಕ್ಕೂ ಆರೋಗ್ಯದ ಬರಹಕ್ಕೂ ಹೋಗಬಹುದು.

ಇಂಗ್ಲಿಷ್ ಈಗಾಗಲೇ ಚೆನ್ನಾಗಿರುವವರ ತೊಂದರೆ ಬೇರೆ. ಇಷ್ಟದ ವಿಷಯದಲ್ಲಿ ಅವರಿಗೆ ಹೊಸ ಪದವೇ ಸಿಗುವುದಿಲ್ಲ. ಹತ್ತು ವರ್ಷದಿಂದ ಟೆಕ್ ಸುದ್ದಿ ಮಾತ್ರ ಓದುವ ಸಾಫ್ಟ್‌ವೇರ್ ಎಂಜಿನಿಯರ್ ಒಂದು ಕಾದಂಬರಿ ತೆಗೆದರೆ ಮೊದಲ ಪುಟದಲ್ಲೇ ಎಂಟು ಚುಕ್ಕಿ ಬೀಳುತ್ತದೆ: ಗಿಡದ ಹೆಸರು, ಬಟ್ಟೆಯ ಹೆಸರು, ಮುಖಭಾವದ ಪದಗಳು. ಇವರಿಗೆ ಬೇಕಾದ್ದು ಹೊಸ ವಿಷಯ. ಅದಕ್ಕೂ ಒರೆಗಲ್ಲು ಹಂತ 2ರದ್ದೇ.

ಎಚ್ಚರಿಕೆ: ಮಟ್ಟ, ವಿಷಯ ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಹೊಸ ವಿಷಯಕ್ಕೆ ಹೋದಾಗ ಮಟ್ಟ ಒಂದು ಮೆಟ್ಟಿಲು ಇಳಿಯಲಿ. ಮೇಲಿನ ಮಟ್ಟಕ್ಕೆ ಹೋದಾಗ ವಿಷಯ ಹಳೆಯದೇ ಇರಲಿ. ಮತ್ತೆ, ಓದುತ್ತಿರುವ ಪುಸ್ತಕ ಹಿಡಿಸದಿದ್ದರೆ 20 ಪುಟದ ನಂತರ ಬಿಟ್ಟುಬಿಡಿ. ದುಡ್ಡು ಕೊಟ್ಟಿದ್ದೀನಿ ಅಂತ ಮುಗಿಸಲು ಕೂತವರು ಇಂಗ್ಲಿಷ್ ಓದನ್ನೇ ಬಿಟ್ಟಿದ್ದನ್ನು ನೋಡಿದ್ದೇನೆ.

ಮೂರು ತಿಂಗಳಾದ ಮೇಲೆ ಮೊದಲ ದಿನ ಎತ್ತಿಟ್ಟ ಆ ಪುಟ ಹೊರಗೆ ತೆಗೆಯಿರಿ. ಈಗಲೂ ಗೊತ್ತಿಲ್ಲದ ಪದಗಳಿಗೆ ಬೇರೆ ಬಣ್ಣದಲ್ಲಿ ಗೆರೆ ಎಳೆದು ಎಣಿಸಿ. ಅದು ಸಂಪಾದಕೀಯದ ಪುಟವಾಗಿದ್ದು, ನೀವು ಇಷ್ಟು ದಿನ ಓದಿದ್ದು ಕ್ರಿಕೆಟ್ ಆಗಿದ್ದರೆ, ಗೆರೆ ತುಂಬಾ ಇಳಿದಿರಲ್ಲ, ಬೇಸರ ಮಾಡಿಕೊಳ್ಳಬೇಡಿ. ಪಕ್ಕದಲ್ಲೇ ಒಂದು ಕ್ರೀಡಾಪುಟ ಇಟ್ಟುಕೊಂಡು ಅದರಲ್ಲೂ 100 ಪದ ಎಣಿಸಿ.